ಡಿ ಡ್ರೈವ್ ಯಾರದು?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ರ ಕೈ ಬಿಟ್ಟಿತು. ಮರುದಿನ ಬೆಳಗ್ಗೆ ಕಲಬುರಗಿಯ ಬ್ರಹ್ಮಪುರದ ಯಾವ ಮನೆಯ ಕಂಪ್ಯೂಟರೂ ಮುಷ್ಕರ ಹೂಡಲಿಲ್ಲ. ಟ್ಯಾಲಿ ತೆರೆಯಿತು, ಪ್ರಿಂಟರ್ ಎಂದಿನ ಹಾಗೆ ಮುನಿಸಿಕೊಂಡಿತು. ಸುರಕ್ಷತೆಯ ಅಪ್‌ಡೇಟ್‌ಗಳು ಮಾತ್ರ ತಾವಾಗಿ ಬರುವುದು ನಿಂತಿತು. ಇನ್ನೊಂದು ವರ್ಷ ಬೇಕೆನ್ನುವವರು ಹೆಸರು ನೋಂದಾಯಿಸಿಕೊಳ್ಳಬೇಕು. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಶರಣಬಸವೇಶ್ವರ ಗುಡಿಯ ಸುತ್ತಿನ ನಮ್ಮ ಓಣಿಗಳಲ್ಲಿ ಅದಕ್ಕಿಂತ ಹಳೆಯ ಯಂತ್ರಗಳು ಇನ್ನೂ ಬೇಕಾದಷ್ಟು ದುಡಿಯುತ್ತಿವೆ. ಎಸೆಯಲು ಮನಸ್ಸಿಲ್ಲ, ಹೊಸದಕ್ಕೆ ಸದ್ಯ ದುಡ್ಡಿಲ್ಲ. ಹೀಗಾಗಿ ವಿಂಡೋಸನ್ನು ಒಂದು ಬದಿಗೆ ಸರಿಸಿ ಪಕ್ಕದಲ್ಲಿ ಲಿನಕ್ಸ್ ಮಿಂಟನ್ನೋ ಉಬುಂಟುವನ್ನೋ ಕೂರಿಸಿಕೊಂಡವರಿದ್ದಾರೆ. ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಪಟ್ಟಿ ಬರುತ್ತದೆ. ಇದು ಬೇಕೋ ಅದು ಬೇಕೋ ಆರಿಸಿ ಎಂಟರ್ ಒತ್ತಬೇಕು.

ಕಾರಣ ಹಳೆಯ ಯಂತ್ರವೊಂದೇ ಅಲ್ಲ. 1958ರಿಂದ ಪಿಡಿಎ ಇಂಜಿನಿಯರಿಂಗ್ ಕಾಲೇಜು ಇರುವ ಊರಿದು. ಓದುವ ಮಕ್ಕಳಿಗೆ ಲಿನಕ್ಸ್ ಬೇಕು, ವ್ಯಾಪಾರದವರಿಗೆ ಟ್ಯಾಲಿ ಬೇಕು, ಮನೆಯಲ್ಲಿರುವ ಕಂಪ್ಯೂಟರ್ ಒಂದು. ನನ್ನ ಅಣ್ಣನ ಮನೆಯೂ ಹೀಗೇ. ಅಣ್ಣ ತೊಗರಿಬೇಳೆ ವ್ಯಾಪಾರಸ್ಥರ ಲೆಕ್ಕ ಬರೆಯುತ್ತಾನೆ. ಟ್ಯಾಲಿ, ನುಡಿ, ಜಿಎಸ್‌ಟಿ ಅವನ ಪ್ರಪಂಚ. ಮಗಳು ಇಂಜಿನಿಯರಿಂಗ್ ಓದುತ್ತಾಳೆ. ಪೈಥಾನ್, ಗಿಟ್ ಅವಳದು. ಇಬ್ಬರ ನಡುವೆ 500 ಜಿಬಿಯ ಒಂದೇ ಡಿಸ್ಕು. ಅದರಲ್ಲಿರುವ ಡಿ ಡ್ರೈವ್ ಯಾರದು ಎಂಬ ಬಗ್ಗೆ ಅಪ್ಪ ಮಗಳಿಗೆ ಬಿದ್ದ ವಾದವೇ ಈ ಬರಹಕ್ಕೆ ಕಾರಣ.

“ಎರಡೂ ಕಡಿಂದ ಕಾಣುವಂಗ ಒಂದೇ ಜಾಗಾದಾಗ ಇಡೋಣು ಅಪ್ಪಾ. ಪ್ರತಿ ಸಲ ಪೆನ್‌ಡ್ರೈವ್ ಹಾಕೋದು ತೆಗಿಯೋದು ಯಾಕ?” ಎನ್ನುತ್ತಾಳೆ ಅವಳು.

“ನಿಂದು ನಿನ್ನ ಕಡಿ, ನಂದು ನನ್ನ ಕಡಿ. ನಾಳೆ ಲೆಕ್ಕದಾಗ ಏನರ ಹೆಚ್ಚುಕಡಿಮಿ ಆದ್ರ ಯಾರಿಗಿ ಕೇಳ್ಬೇಕು ನಾ?” ಎನ್ನುತ್ತಾನೆ ಅವನು.

ಇಬ್ಬರ ಮಾತಿನಲ್ಲೂ ಹುರುಳಿದೆ. ನನ್ನನ್ನು ಕರೆದದ್ದು ಪಂಚಾಯ್ತಿಗೆ, ಆದ್ದರಿಂದ ಎರಡೂ ಕಡೆಯದನ್ನು ಪೂರ್ತಿ ಕೇಳುವುದು ನ್ಯಾಯ.

ಮಗಳ ವಾದ ಮೇಲ್ನೋಟಕ್ಕೇ ಬಲವಾದದ್ದು. ಮದುವೆಯ ಫೋಟೋ, ಹೊಲದ ಪಹಣಿಯ ಪಿಡಿಎಫ್, ಅಂಕಪಟ್ಟಿಯ ಸ್ಕ್ಯಾನ್ ಇವು ವಿಂಡೋಸಿನವೂ ಅಲ್ಲ ಲಿನಕ್ಸಿನವೂ ಅಲ್ಲ, ಮನೆಯವು. ಇವನ್ನು ಎರಡೆರಡು ಕಡೆ ಇಟ್ಟರೆ ಜಾಗವೂ ದಂಡ, ಯಾವುದು ಇತ್ತೀಚಿನದು ಎಂಬ ಗೊಂದಲವೂ ಜೊತೆಗೆ. ಪೆನ್‌ಡ್ರೈವಿನಲ್ಲಿ ಓಡಾಡುವ ಕಡತಗಳಿಗೆ ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಎಂದು ಹೆಸರು ಬೆಳೆಯುತ್ತ ಹೋಗುವುದನ್ನು ನೋಡದವರು ಯಾರು? ಹಳೆಯ 500 ಜಿಬಿ ಡಿಸ್ಕಿನಲ್ಲಾದರೂ ಸ್ವಲ್ಪ ಉಸಿರಾಡಬಹುದು. ವೇಗ ಬರಲೆಂದು 256 ಜಿಬಿಯ ಎಸ್‌ಎಸ್‌ಡಿ ಹಾಕಿಸಿಕೊಂಡ ಮನೆಗಳಲ್ಲಿ ವಿಂಡೋಸ್ ಮತ್ತು ಅದರ ತಂತ್ರಾಂಶಗಳಿಗೆ ನೂರು, ಲಿನಕ್ಸಿಗೆ ನಲವತ್ತು ಐವತ್ತು ಜಿಬಿ ಕೊಟ್ಟರೆ ಉಳಿಯುವುದೇ ನೂರರಷ್ಟು. ಅದನ್ನೂ ಇಬ್ಭಾಗ ಮಾಡುವುದು ಹಟದ ಮಾತಾಗುತ್ತದೆ.

ಆದರೆ ಈ ಹಂಚಿಕೆ ಸಮಪಾಲಿನದಲ್ಲ. ಲಿನಕ್ಸಿಗೆ ವಿಂಡೋಸಿನ ಡಿಸ್ಕ್ ಓದಲು ಬರುತ್ತದೆ, ವಿಂಡೋಸಿಗೆ ಲಿನಕ್ಸಿನದು ಬರುವುದಿಲ್ಲ. 1993ರಲ್ಲಿ ವಿಂಡೋಸ್ ಎನ್‌ಟಿ 3.1ರ ಜೊತೆ ಬಂದ ಎನ್‌ಟಿಎಫ್‌ಎಸ್ ಎಂಬ ಡಿಸ್ಕ್ ವ್ಯವಸ್ಥೆಯ ಒಳಗುಟ್ಟನ್ನು ಲಿನಕ್ಸಿನವರು ಕಷ್ಟಪಟ್ಟು ಬಿಡಿಸಿಕೊಂಡರು. ಓದುವುದು ಮೊದಲು ಬಂತು; ಧೈರ್ಯವಾಗಿ ಬರೆಯಲು 2007ರಲ್ಲಿ ಎನ್‌ಟಿಎಫ್‌ಎಸ್-3ಜಿ ಗಟ್ಟಿಯಾಗಬೇಕಾಯಿತು. 2021ರ ಅಕ್ಟೋಬರ್ ಕೊನೆಗೆ ಬಂದ 5.15 ಕರ್ನಲ್‌ನಲ್ಲಿ ಪ್ಯಾರಗಾನ್ ಕಂಪನಿಯವರು ಬರೆದ ಎನ್‌ಟಿಎಫ್‌ಎಸ್3 ಚಾಲಕ ಸೇರಿದ ಮೇಲೆ ವೇಗವೂ ಸಿಕ್ಕಿತು. ಅತ್ತ ಲಿನಕ್ಸಿನ ಇಎಕ್ಸ್‌ಟಿ4 2008ರಿಂದ ಬಳಕೆಯಲ್ಲಿದೆ, ಅದರ ಒಳಗುಟ್ಟೆಲ್ಲ ಬಯಲಲ್ಲೇ ಇದೆ, ಆದರೂ ವಿಂಡೋಸ್ ತಾನಾಗಿ ಅದನ್ನು ತೆರೆಯುವುದಿಲ್ಲ. ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಮೂಲಕ ತೆರೆಯುವ ಒಂದು ಆಜ್ಞೆಯೇನೋ ಇದೆ; ಅದು ಇಡೀ ಡಿಸ್ಕನ್ನೇ ಕೇಳುತ್ತದೆ, ವಿಂಡೋಸ್ ತಾನೇ ಕೂತಿರುವ ಡಿಸ್ಕನ್ನು ಕೊಡಲು ಬರುವುದಿಲ್ಲ. ಒಂದೇ ಡಿಸ್ಕಿನ ಮನೆಗೆ ಅದರಿಂದ ಉಪಯೋಗವಿಲ್ಲ. ಒಟ್ಟಿನಲ್ಲಿ ಹಂಚಿಕೊಂಡ ಜಾಗ ವಿಂಡೋಸಿಗೆ ಗೊತ್ತಿರುವ ಮಾದರಿಯದೇ ಆಗಬೇಕು, ಅದರ ಷರತ್ತುಗಳಿಗೆ ಒಪ್ಪಿದ್ದೇ ಆಗಬೇಕು.

ಆ ಷರತ್ತುಗಳಲ್ಲಿ ಮುಖ್ಯವಾದದ್ದು ವಿಂಡೋಸನ್ನು ನಿಜವಾಗಿ ಬಂದ್ ಮಾಡುವುದು. ಇದು ವಿಚಿತ್ರವಾಗಿ ಕೇಳಿಸಬಹುದು. 2012ರ ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಎಂಬ ಸೌಲಭ್ಯ ಇದೆ. ಶಟ್ ಡೌನ್ ಒತ್ತಿದಾಗ ವಿಂಡೋಸ್ ಪೂರ್ತಿ ನಿಲ್ಲುವುದಿಲ್ಲ. ತನ್ನ ಒಳಭಾಗದ ಸ್ಥಿತಿಯನ್ನು ಒಂದು ಕಡತದಲ್ಲಿ ಬರೆದಿಟ್ಟು ಮಲಗುತ್ತದೆ. ಮತ್ತೆ ಎದ್ದಾಗ ಅದನ್ನೇ ಓದಿಕೊಂಡು ಬೇಗ ಸಿದ್ಧವಾಗುತ್ತದೆ. ಆ ಸ್ಥಿತಿಯಲ್ಲಿ ಡಿ ಡ್ರೈವಿನಲ್ಲಿ ಯಾವ ಕಡತ ಎಲ್ಲಿದೆ ಎಂಬ ನೆನಪೂ ಸೇರಿರುತ್ತದೆ. ನಡುವೆ ಲಿನಕ್ಸ್ ಎದ್ದು ಅದೇ ಡ್ರೈವಿಗೆ ಹೊಸದೇನಾದರೂ ಬರೆದರೆ, ಮರಳಿ ಎದ್ದ ವಿಂಡೋಸಿಗೆ ಆ ಬದಲಾವಣೆಯ ಸುಳಿವಿರುವುದಿಲ್ಲ. ತನ್ನ ಹಳೆಯ ನೆನಪಿನ ಪ್ರಕಾರ ಮೇಲೆ ಬರೆಯುತ್ತದೆ. ಹೋಗುವುದು ಒಂದು ಕಡತವೇ ಆಗಬೇಕೆಂದಿಲ್ಲ, ಇಡೀ ಫೋಲ್ಡರ್ ಕೆಡಬಹುದು.

ಲಿನಕ್ಸಿಗೆ ಈ ಅಪಾಯ ಗೊತ್ತು. ಆದ್ದರಿಂದ ಮಲಗಿರುವ ವಿಂಡೋಸಿನ ಗುರುತು ಕಂಡರೆ ಎನ್‌ಟಿಎಫ್‌ಎಸ್-3ಜಿ ಆ ಡ್ರೈವನ್ನು ಓದಲಷ್ಟೇ ತೆರೆಯುತ್ತದೆ. ಎನ್‌ಟಿಎಫ್‌ಎಸ್3 ಆದರೆ ಸ್ವಚ್ಛವಾಗಿ ಮುಚ್ಚದ ಡ್ರೈವನ್ನು ಒತ್ತಾಯವಿಲ್ಲದೆ ತೆರೆಯುವುದೇ ಇಲ್ಲ. ಅಣ್ಣನ ಮನೆಯಲ್ಲಿ ಜಗಳ ಶುರುವಾದದ್ದು ಇಲ್ಲಿಂದಲೇ. ರಾತ್ರಿ ಮಗಳು ತನ್ನ ಪ್ರಾಜೆಕ್ಟ್ ವರದಿ ಉಳಿಸಲು ಹೋದರೆ ಡಿ ಡ್ರೈವಿನ ಫೋಲ್ಡರುಗಳ ಮೇಲೆ ಸಣ್ಣ ಬೀಗದ ಗುರುತು. ‘ಕಾಕಾ, ಅಪ್ಪ ಡ್ರೈವ್ ಲಾಕ್ ಮಾಡ್ಯಾರ’ ಎಂದು ನನಗೆ ಫೋನು. ಅಪ್ಪ ಏನೂ ಮಾಡಿರಲಿಲ್ಲ. ಶಟ್ ಡೌನ್ ಒತ್ತಿ ಊಟಕ್ಕೆ ಎದ್ದಿದ್ದ, ಅಷ್ಟೆ. ತಮಾಷೆಯೆಂದರೆ ರೀಸ್ಟಾರ್ಟ್ ಒತ್ತಿದ್ದರೆ ಈ ತೊಂದರೆ ಬರುತ್ತಿರಲಿಲ್ಲ. ರೀಸ್ಟಾರ್ಟಿನಲ್ಲಿ ವಿಂಡೋಸ್ ಪೂರ್ತಿ ನಿಲ್ಲುತ್ತದೆ, ಶಟ್ ಡೌನ್‌ನಲ್ಲಿ ನಿಲ್ಲುವುದಿಲ್ಲ. ಶಿಫ್ಟ್ ಕೀಲಿ ಹಿಡಿದು ಶಟ್ ಡೌನ್ ಒತ್ತಿದರೂ ಪೂರ್ತಿ ನಿಲ್ಲುತ್ತದೆ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದುಬಿಟ್ಟರೆ ಶಾಶ್ವತ ಪರಿಹಾರ. ಬೆಲೆ, ಬೆಳಗ್ಗೆ ಕಂಪ್ಯೂಟರ್ ಏಳಲು ತೆಗೆದುಕೊಳ್ಳುವ ಸ್ವಲ್ಪ ಹೆಚ್ಚು ಹೊತ್ತು.

ಅಣ್ಣನ ಪಕ್ಷ ವಹಿಸಿ ಒಂದು ಮಾತು. ಟ್ಯಾಲಿ ಬಿಟ್ಟು ಬೇರೇನೂ ಬೇಡದ ಮನುಷ್ಯನಿಗೆ ‘ನೀನು ಬಂದ್ ಮಾಡುವ ರೀತಿ ಸರಿಯಿಲ್ಲ’ ಎಂದು ಹೇಳುವ ಅಧಿಕಾರ ಯಾರಿಗಿದೆ? ಬಳಸುವವನು ಪ್ರತಿದಿನ ನೆನಪಿಟ್ಟು ಮಾಡಬೇಕಾದ ಕೆಲಸದ ಮೇಲೆ ನಿಂತ ವ್ಯವಸ್ಥೆ ಒಂದಲ್ಲ ಒಂದು ದಿನ ತಪ್ಪುತ್ತದೆ. ಬೇರೆ ಬೇರೆ ಇಟ್ಟರೆ ಈ ನೆನಪಿನ ಹಂಗೇ ಇಲ್ಲ.

ಹಾಗಾದರೆ ಎನ್‌ಟಿಎಫ್‌ಎಸ್ ಬಿಟ್ಟು ಪೆನ್‌ಡ್ರೈವಿನಲ್ಲಿ ಬಳಸುವ ಎಕ್ಸ್‌ಫ್ಯಾಟ್ ಹಾಕಿದರಾಗದೇ ಎಂದು ಮಗಳು ಕೇಳಿದಳು. ಪ್ರಶ್ನೆ ಸರಿಯಾದದ್ದೇ. 1996ರ ಫ್ಯಾಟ್32 ಒಂದು ಕಡತ 4 ಜಿಬಿ ಮುಟ್ಟಿದರೆ ಕೈಚೆಲ್ಲುತ್ತದೆ. ಮದುವೆ ವಿಡಿಯೊ ಅದಕ್ಕಿಂತ ದೊಡ್ಡದಿರುತ್ತದೆ. 2006ರಲ್ಲಿ ಬಂದ ಎಕ್ಸ್‌ಫ್ಯಾಟ್‌ಗೆ ಆ ಮಿತಿಯಿಲ್ಲ. 2019ರ ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ಅದರ ವಿವರಗಳನ್ನು ಬಯಲು ಮಾಡಿತು. ಈಗ ಲಿನಕ್ಸ್ ಕರ್ನಲ್‌ನಲ್ಲೇ ಅದರ ಚಾಲಕವಿದೆ, ಮ್ಯಾಕ್ ಕೂಡ ಓದುತ್ತದೆ. ಆದರೆ ಅದಕ್ಕೆ ಜರ್ನಲ್ ಇಲ್ಲ, ಅಂದರೆ ಏನು ಬರೆಯಲು ಹೊರಟಿದ್ದೆ ಎಂದು ಮೊದಲೇ ಗುರುತು ಹಾಕಿಕೊಳ್ಳುವ ಪುಸ್ತಕ ಇಲ್ಲ. ಎನ್‌ಟಿಎಫ್‌ಎಸ್‌ಗೂ ಇಎಕ್ಸ್‌ಟಿ4ಕ್ಕೂ ಅದಿದೆ. ಬರೆಯುವ ನಡುವೆ ಕರೆಂಟ್ ಹೋದರೆ ಅವು ಆ ಪುಸ್ತಕ ನೋಡಿಕೊಂಡು ಚೇತರಿಸಿಕೊಳ್ಳುತ್ತವೆ. ಎಕ್ಸ್‌ಫ್ಯಾಟ್ ಪೂರ್ತಿ ಡಿಸ್ಕ್ ತಡಕಾಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ಊರಿನಲ್ಲಿ, ಯುಪಿಎಸ್ ಬ್ಯಾಟರಿ ಯಾವತ್ತೋ ಸತ್ತಿರುವ ಕಂಪ್ಯೂಟರಿಗೆ ನಾನು ಎಕ್ಸ್‌ಫ್ಯಾಟ್ ಸೂಚಿಸಲಾರೆ. ಲ್ಯಾಪ್‌ಟಾಪ್ ಆದರೆ ಮಾತು ಬೇರೆ. ಇತ್ತ ಎನ್‌ಟಿಎಫ್‌ಎಸ್ ಕೆಟ್ಟರೆ ನೆಟ್ಟಗೆ ಮಾಡುವ ಸಾಧನ ವಿಂಡೋಸಿನ ಚೆಕ್‌ಡಿಸ್ಕ್. ಲಿನಕ್ಸಿನ ಎನ್‌ಟಿಎಫ್‌ಎಸ್‌ಫಿಕ್ಸ್ ಮಾಡುವುದು ಪ್ರಥಮ ಚಿಕಿತ್ಸೆ ಮಾತ್ರ. ಮುಂದೊಂದು ದಿನ ವಿಂಡೋಸನ್ನು ಪೂರ್ತಿ ತೆಗೆಯುವ ಯೋಚನೆಯಿದ್ದವರು ಇದನ್ನು ಮರೆಯಬಾರದು.

ಇನ್ನು ಕಡತಗಳ ಹೆಸರು. ಕನ್ನಡದಲ್ಲಿ ಹೆಸರಿಡುವವರಿಗೆ ಇಲ್ಲೊಂದು ತೊಡಕಿದೆ, ಇಂಗ್ಲಿಷಿನಲ್ಲಿ ಹೆಸರಿಡುವವರ ಗಮನಕ್ಕೇ ಬಾರದಂಥದು. ಎನ್‌ಟಿಎಫ್‌ಎಸ್‌ನಲ್ಲಿ ಒಂದು ಹೆಸರಿಗೆ 255 ಸಂಕೇತಗಳ ಮಿತಿ. ಇಎಕ್ಸ್‌ಟಿ4ರಲ್ಲೂ 255ರದೇ ಮಿತಿ, ಆದರೆ ಅದು ಎಣಿಸುವುದು ಬೈಟ್‌ಗಳನ್ನು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ‘ತೊಗರಿಬೇಳೆ’ ನಮ್ಮ ಕಣ್ಣಿಗೆ ಐದಕ್ಷರ; ವ್ಯಂಜನ, ಸ್ವರಚಿಹ್ನೆ ಬಿಡಿಸಿದರೆ ಒಂಬತ್ತು ಸಂಕೇತ, ಅಂದರೆ 27 ಬೈಟ್. ‘ಲಕ್ಷ್ಮಿ’ ಎರಡೇ ಅಕ್ಷರ, ಒತ್ತುಗಳಿಂದಾಗಿ ಏಳು ಸಂಕೇತ, 21 ಬೈಟ್. ಹೀಗೆ ಲಿನಕ್ಸಿನ ಡಿಸ್ಕಿನಲ್ಲಿ ಕನ್ನಡದ ಹೆಸರು 85 ಸಂಕೇತಕ್ಕೆ ಮುಗಿಯಿತು. ವಿಷಯದ ಸಾಲನ್ನೇ ಕಡತದ ಹೆಸರಾಗಿಸಿಕೊಂಡ ಸರ್ಕಾರಿ ಸುತ್ತೋಲೆಗಳು ನಮ್ಮಲ್ಲಿ ಕಡಿಮೆಯೇ? ಅಂಥದ್ದನ್ನು ಡಿ ಡ್ರೈವಿನಿಂದ ಲಿನಕ್ಸಿನ ಕಡೆಗೆ ನಕಲು ಮಾಡಲು ಹೋದರೆ ಹೆಸರು ಉದ್ದವಾಯಿತೆಂದು ನಿರಾಕರಿಸುತ್ತದೆ. ಬೇರೆ ಬೇರೆ ಇಟ್ಟು ನಕಲು ಮಾಡಿಕೊಳ್ಳೋಣ ಎನ್ನುವವರ ವಿರುದ್ಧ ಇದೊಂದು ಸಣ್ಣ ಸಾಕ್ಷಿ.

ಹಂಚಿಕೊಳ್ಳೋಣ ಎನ್ನುವವರ ವಿರುದ್ಧವೂ ಸಾಕ್ಷಿಗಳಿವೆ. ಲಿನಕ್ಸಿನಲ್ಲಿ ‘ಸಭೆ 10:30’ ಎಂದು ಧಾರಾಳವಾಗಿ ಹೆಸರಿಡಬಹುದು. ಆ ಎರಡು ಚುಕ್ಕಿ ವಿಂಡೋಸಿಗೆ ನಿಷಿದ್ಧ, ಕಡತ ಕಂಡರೂ ತೆರೆಯುವುದಿಲ್ಲ. ಇಂಗ್ಲಿಷಿನ ದೊಡ್ಡ ಬಿ ಇರುವ ಬಿಲ್, ಸಣ್ಣ ಬಿ ಇರುವ ಬಿಲ್ ಎರಡನ್ನೂ ಒಂದೇ ಫೋಲ್ಡರಿನಲ್ಲಿ ಲಿನಕ್ಸ್ ಇಡುತ್ತದೆ. ವಿಂಡೋಸ್ ಯಾವುದನ್ನು ತೆರೆದರೂ ಒಂದೇ ತೆರೆಯುತ್ತದೆ. ಡ್ರೈವನ್ನು ಜೋಡಿಸುವಾಗ ವಿಂಡೋಸಿನ ಹೆಸರಿನ ನಿಯಮ ಪಾಲಿಸು ಎಂದು ಲಿನಕ್ಸಿಗೆ ಒಂದು ಪದ ಸೇರಿಸಿ ಹೇಳಿದರೆ ನಿಷಿದ್ಧ ಚಿಹ್ನೆಯ ಎಡವಟ್ಟಾದರೂ ತಪ್ಪುತ್ತದೆ. ಕನ್ನಡದ್ದು ಇನ್ನೂ ನವಿರಾದದ್ದು: ‘ಕೋ’ ಎಂಬುದನ್ನು ಒಂದೇ ಸ್ವರಚಿಹ್ನೆಯಿಂದಲೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಡಿಸ್ಕಿಗೆ ಬೇರೆ ಬೇರೆ. ಒಂದೇ ಹೆಸರಿನ ಎರಡು ಕಡತ ಪಕ್ಕಪಕ್ಕ ಕೂತಿರುವುದು ಕಂಡರೆ ದೆವ್ವದ ಕೆಲಸವೆಂದು ಹೆದರಬೇಕಿಲ್ಲ.

ಮಗಳ ಪೈಥಾನ್ ಪ್ರಾಜೆಕ್ಟ್‌ಗಳು ಡಿ ಗೆ ಬರಬಾರದು ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಯಾವ ಕಡತ ಓಡಿಸಬಹುದಾದದ್ದು, ಯಾವುದು ಬರೀ ಪಠ್ಯ ಎಂದು ಲಿನಕ್ಸ್ ಇಡುವ ಗುರುತುಗಳಿಗೆ ಎಕ್ಸ್‌ಫ್ಯಾಟ್‌ನಲ್ಲಿ ಜಾಗವೇ ಇಲ್ಲ; ಎನ್‌ಟಿಎಫ್‌ಎಸ್‌ ಅನ್ನು ಮಾಮೂಲಿಯಾಗಿ ಜೋಡಿಸಿದರೆ ಎಲ್ಲ ಕಡತವೂ ಓಡಿಸಬಹುದಾದದ್ದಾಗಿಯೇ ಕಾಣುತ್ತದೆ. ಒಂದಕ್ಷರ ಮುಟ್ಟದಿದ್ದರೂ ‘ಎಲ್ಲವೂ ಬದಲಾಗಿದೆ’ ಎಂದು ಗಿಟ್ ಪಟ್ಟಿ ಒಪ್ಪಿಸುತ್ತದೆ. ಹಾಗೆಯೇ ಫೈರ್‌ಫಾಕ್ಸ್, ಥಂಡರ್‌ಬರ್ಡ್‌ನಂಥವುಗಳ ಪ್ರೊಫೈಲ್ ಫೋಲ್ಡರನ್ನು ಎರಡೂ ಕಡೆಯಿಂದ ಬಳಸುವ ಜಾಣತನವೂ ಬೇಡ. ಒಂದು ಕಡೆ ಹೊಸ ಆವೃತ್ತಿ, ಇನ್ನೊಂದು ಕಡೆ ಹಳೆಯದು ಆದ ದಿನ ಅದು ಕೈಕೊಡುತ್ತದೆ.

ಇಷ್ಟೆಲ್ಲ ಡಿಸ್ಕಿನ ಮಾತಾಯಿತು. ಕನ್ನಡದ ಮನೆಗಳಲ್ಲಿ ದೊಡ್ಡ ಗೋಡೆ ಇರುವುದು ಕಡತದ ಒಳಗೆ. ಡ್ರೈವಿನ ಬೀಗ ತೆಗೆದ ಮೇಲೆ ಹುಡುಗಿ ಅಪ್ಪನ ಒಂದು ಪತ್ರವನ್ನು ಲಿನಕ್ಸಿನ ಲಿಬ್ರೆಆಫೀಸಿನಲ್ಲಿ ತೆರೆದಳು. ಹಂಚಿಕೆ ಅಚ್ಚುಕಟ್ಟಾಗಿತ್ತು, ಕಡತ ತೆರೆಯಿತು. ‘ಕನ್ನಡ’ ಎಂದಿರಬೇಕಾದ ಕಡೆ ಇಂಗ್ಲಿಷಿನ ದೊಡ್ಡ ಪಿ, ಪಕ್ಕದಲ್ಲಿ ತಲೆಯ ಮೇಲೆ ಗೀರಿರುವ ಎ, ಬ್ರಿಟಿಷರ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ನರ ಎಸ್ಸು, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಎ. ಪುಟ ತುಂಬ ಇದೇ ಸಂತೆ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಹಳೆಯ ಪದ್ಧತಿಯಂತೆ ಟೈಪ್ ಮಾಡಿದ ಪಠ್ಯ ಕಂಪ್ಯೂಟರಿನ ಲೆಕ್ಕದಲ್ಲಿ ಲ್ಯಾಟಿನ್ ಅಕ್ಷರಗಳ ಸಾಲು. ಅದಕ್ಕೆ ಕನ್ನಡದ ವೇಷ ತೊಡಿಸುವುದು ನುಡಿ ಫಾಂಟು. ಶೇಷಾದ್ರಿ ವಾಸು 1998ರಲ್ಲಿ ಹೊರತಂದ ‘ಬರಹ’ ತಂತ್ರಾಂಶದ ಹಳೆಯ ಕಡತಗಳದೂ ಇದೇ ಕಥೆ. ಆ ಕಾಲಕ್ಕೆ ಬೇರೆ ದಾರಿ ಇರಲಿಲ್ಲ. ಕನ್ನಡದ ಡಿಟಿಪಿ ಬೆಳೆದದ್ದೇ ಇವುಗಳ ಹೆಗಲ ಮೇಲೆ. ದೂರುವುದು ಕೃತಘ್ನತೆಯಾದೀತು.

ನುಡಿಯ ಫಾಂಟ್ ಕಡತವನ್ನು ಲಿನಕ್ಸಿಗೂ ಹಾಕಿಕೊಂಡರೆ ಅಣ್ಣನ ಪತ್ರ ಓದಲು ಬರುತ್ತದೆ. ಆದರೆ ಹುಡುಕಲು ಬರುವುದಿಲ್ಲ: ಯೂನಿಕೋಡಿನಲ್ಲಿ ‘ಬೇಳೆ’ ಎಂದು ಟೈಪ್ ಮಾಡಿ ಹುಡುಕಿದರೆ ಅದರೊಳಗೆ ಬೇಳೆ ಸಿಗುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿವೆ. ಗುಬ್ಬಿ, ನವಿಲು ಫಾಂಟ್‌ಗಳನ್ನು ಮಾಡಿದ ಅರವಿಂದ ವಿ.ಕೆ. ಅವರದೊಂದು ಮುಕ್ತ ಪರಿವರ್ತಕವೂ ಇದೆ. ಪತ್ರದ ನಡುವೆ ಇಂಗ್ಲಿಷಿನ ಪದ, ಜಿಎಸ್‌ಟಿ ಸಂಖ್ಯೆಯ ಅಕ್ಷರಗಳು ಇದ್ದರೆ ಪರಿವರ್ತಕಗಳು ಅವನ್ನೂ ಕನ್ನಡವೆಂದೇ ತಿಳಿದು ಅರ್ಥವಿಲ್ಲದ ಒತ್ತಕ್ಷರಗಳನ್ನು ಉದುರಿಸುವುದುಂಟು. ಲೆಕ್ಕ ಬರೆಯುವವನಿಗೆ ಜಿಎಸ್‌ಟಿ ಸಂಖ್ಯೆ ಕೆಡುವುದು ಹುಡುಗಾಟವಲ್ಲ. ಒಂದೊಂದನ್ನೂ ಕಣ್ಣಿಟ್ಟು ನೋಡಬೇಕು.

ಈ ಸಾಕ್ಷಿ ಯಾರ ಕಡೆಗೆ ಎಂಬುದು ನೋಡುವವರ ಮೇಲಿದೆ. ‘ಓದಲು ಬಾರದ್ದನ್ನು ಹಂಚಿಕೊಂಡು ಏನು ಮಾಡುತ್ತಿ’ ಎಂದು ಅಣ್ಣ ಕೇಳಬಹುದು. ‘ಹಂಚಿಕೊಂಡಿದ್ದರಿಂದಲೇ ಗೊತ್ತಾಯಿತಲ್ಲ, ಇಲ್ಲದಿದ್ದರೆ ಇನ್ನೂ ಹತ್ತು ವರ್ಷ ಹೀಗೇ ಟೈಪ್ ಮಾಡುತ್ತಿದ್ದಿರಿ’ ಎಂದು ಮಗಳು ಹೇಳಬಹುದು. ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ, ಏಕೆಂದರೆ ಆ ಪತ್ರಗಳನ್ನು ಓದಲು ಮುಂದೆ ಯಾರಿಗಾದರೂ ನುಡಿ ಫಾಂಟ್ ಸಿಗಲೇಬೇಕೆಂಬ ನಿಯಮವಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕೇರಳ ಸರ್ಕಾರದ ಯೋಜನೆಯಿಂದಾಗಿ ಶಾಲೆಯಲ್ಲಿ ಲಿನಕ್ಸಿನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಹಳೆಯ ಫಾಂಟಿನ ಈ ಹಂಗು ಅವರಿಗಿಲ್ಲ. ಬೆರಳಿನ ಅಭ್ಯಾಸ ತಪ್ಪುತ್ತದೆಂಬ ಭಯ ಅಣ್ಣನಿಗೆ ಬೇಡ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ನುಡಿಯಲ್ಲಿರುವುದೇ, ಲಿನಕ್ಸಿನಲ್ಲಿ ಕೆಜಿಪಿ ಎಂಬ ಹೆಸರಿನಲ್ಲಿ ಸಿಗುತ್ತದೆ.

ಯೂನಿಕೋಡ್ ಆದರೂ ಎಲ್ಲ ಸಲೀಸಲ್ಲ. ವಿಂಡೋಸಿನ ನಿರ್ಮಲಾ ಫಾಂಟಿನಲ್ಲಿ ಒಂದೇ ಪುಟದಲ್ಲಿ ಕೂತ ಅರ್ಜಿ ಲಿನಕ್ಸಿನ ನೋಟೊ ಫಾಂಟಿಗೆ ಬಂದಾಗ ಎರಡನೇ ಪುಟಕ್ಕೆ ಚೆಲ್ಲಿ, ‘ತಮ್ಮ ವಿಶ್ವಾಸಿ’ ಮಾತ್ರ ಅಲ್ಲಿ ಒಂಟಿಯಾಗಿ ನಿಲ್ಲುತ್ತದೆ. ಎರಡೂ ಕಡೆ ಒಂದೇ ಮುಕ್ತ ಫಾಂಟ್ ಹಾಕಿಕೊಂಡರೆ ಇದು ತೀರುತ್ತದೆ.

ಗಡಿಯಾರದ ಜಗಳ ಸಣ್ಣದು, ಆದರೆ ಬೆಚ್ಚಿಬೀಳಿಸುವಂಥದು. ಕಂಪ್ಯೂಟರಿನೊಳಗಿನ ಗಡಿಯಾರದಲ್ಲಿ ಇರುವುದು ಸ್ಥಳೀಯ ವೇಳೆ ಎಂದು ವಿಂಡೋಸ್ ನಂಬುತ್ತದೆ, ಗ್ರೀನಿಚ್ ವೇಳೆ ಎಂದು ಲಿನಕ್ಸ್ ನಂಬುತ್ತದೆ. ಲಿನಕ್ಸಿನಿಂದ ವಿಂಡೋಸಿಗೆ ಬಂದರೆ ಬೆಳಗಿನ ಹತ್ತು ಗಂಟೆ ನಾಲ್ಕೂವರೆ ಆಗಿರುತ್ತದೆ. ಡಿ ಡ್ರೈವಿನಲ್ಲಿ ಆಗ ಉಳಿಸಿದ ಕಡತಕ್ಕೆ ಐದೂವರೆ ಗಂಟೆ ಹಿಂದಿನ ಮುದ್ರೆ ಬೀಳುತ್ತದೆ; ‘ಹೊಸದು ಯಾವುದೋ ಅದನ್ನು ಇಟ್ಟುಕೋ’ ಎಂದು ವೇಳೆ ನೋಡಿ ನಕಲು ಮಾಡುವ ತಂತ್ರಾಂಶ ಹಳೆಯದನ್ನು ಹೊಸದೆಂದು ತಿಳಿಯುತ್ತದೆ. ಲಿನಕ್ಸಿನಲ್ಲಿ ಒಂದು ಆಜ್ಞೆ ಕೊಟ್ಟರೆ ಸರಿಹೋಗುತ್ತದೆ, ಆದ್ದರಿಂದ ಇದನ್ನು ಯಾರ ಪಕ್ಷಕ್ಕೂ ಲೆಕ್ಕ ಹಾಕುವುದಿಲ್ಲ.

ಅಣ್ಣನ ಮಾತಿನಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಗುಟ್ಟಿನ ವಿಷಯವನ್ನು. ಅವನ ವಿಂಡೋಸಿಗೆ ಪಾಸ್‌ವರ್ಡ್ ಇದೆ. ಲಿನಕ್ಸಿನಿಂದ ನೋಡುವವರಿಗೆ ಆ ಪಾಸ್‌ವರ್ಡ್ ಲೆಕ್ಕಕ್ಕೇ ಇಲ್ಲ. ಡಿ ಮಾತ್ರವಲ್ಲ, ಸಿ ಡ್ರೈವಿನ ಕಡತಗಳೂ ತೆರೆಯುತ್ತವೆ. ಲೆಕ್ಕದ ಪುಸ್ತಕ ಅವನದಲ್ಲ, ಅವನ ಗಿರಾಕಿಗಳದು. ಬಿಟ್‌ಲಾಕರ್‌ನಂತಹ ಗೂಢಲಿಪಿ ಹಾಕಿದರೆ ತಡೆಯಬಹುದು. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಅದು ಹಲವು ಸಲ ತಾನಾಗಿಯೇ ಬರುತ್ತದೆ, ಆಗ ಲಿನಕ್ಸಿನಿಂದ ಡಿ ತೆರೆಯಲು ಉದ್ದನೆಯ ಕೀಲಿಸಂಖ್ಯೆ ಕೈಯಲ್ಲಿರಬೇಕು. ಮಗಳ ಕಡೆಯಿಂದಲೂ ಇದಕ್ಕೆ ಜೋಡಿ ಮಾತಿದೆ: ಅಪ್ಪನ ವಿಂಡೋಸಿಗೆ ಯಾವುದಾದರೂ ವೈರಸ್ ಹತ್ತಿ ಕಡತಗಳಿಗೆ ಬೀಗ ಹಾಕಿದರೆ ಡಿ ಯಲ್ಲಿರುವ ಅವಳ ವರದಿಗಳೂ ಹೋಗುತ್ತವೆ, ಇಎಕ್ಸ್‌ಟಿ4ರಲ್ಲಿ ಇಟ್ಟವು ಸಾಮಾನ್ಯವಾಗಿ ಅದರ ಕೈಗೆ ಸಿಗುವುದಿಲ್ಲ.

ಮಧ್ಯದ ದಾರಿ ಹೇಳುವವರೂ ಇದ್ದಾರೆ. ಗೂಗಲ್ ಡ್ರೈವಿನ 15 ಜಿಬಿ ಪುಕ್ಕಟೆ. ಪತ್ರ ವರದಿಗಳಿಗೆ ಸಾಕು, ಮದುವೆ ಫೋಟೋಗಳಿಗೆ ಎಲ್ಲಿ ಸಾಕು? ಲಿನಕ್ಸಿಗೆ ಗೂಗಲ್ಲಿನದೇ ಆದ ತಂತ್ರಾಂಶವೂ ಇಲ್ಲ, ಬಹುಮಟ್ಟಿಗೆ ಬ್ರೌಸರ್ ಮೂಲಕ ಹೋಗಬೇಕು. ಒನ್‌ಡ್ರೈವ್ ಹಾಕಿಕೊಂಡವರಿಗೆ ಇನ್ನೊಂದು ಪೇಚು: ಮೋಡದಲ್ಲಿದ್ದು ಇನ್ನೂ ಇಳಿಯದ ಕಡತಗಳು ಲಿನಕ್ಸಿನಿಂದ ನೋಡಿದರೆ ಹೆಸರಷ್ಟೇ, ಒಳಗೇನೂ ಇಲ್ಲ. ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಆಗಲಿ ವರ್ಚುವಲ್‌ಬಾಕ್ಸ್ ಆಗಲಿ ಚೆನ್ನಾಗಿಯೇ ಇವೆ, ಗ್ರಬ್ ಪಟ್ಟಿಯ ಗೋಜೂ ಇಲ್ಲ. ಆದರೆ 4 ಜಿಬಿ ರ್‍ಯಾಮಿನ ಯಂತ್ರದಲ್ಲಿ ಎರಡನ್ನು ಒಟ್ಟಿಗೆ ಏಳಿಸಿದರೆ ಎರಡೂ ತೂಕಡಿಸುತ್ತವೆ. ಜೊತೆಗೆ ಬೆಂಬಲ ನಿಂತ ವಿಂಡೋಸಿನಿಂದ ದೂರ ಸರಿಯಲೆಂದೇ ಲಿನಕ್ಸಿಗೆ ಬಂದವರಿಗೆ ಅದು ಸುತ್ತಿ ಸುತ್ತಿ ಅಲ್ಲಿಗೇ ತಲುಪಿಸುತ್ತದೆ.

ಕೊನೆಗೆ ನಾನು ಹೇಳಿದ್ದು ಇಷ್ಟು. ಡಿ ಇಬ್ಬರದೂ, ಎನ್‌ಟಿಎಫ್‌ಎಸ್‌ನಲ್ಲೇ ಇರಲಿ. ಮುಗಿದ ಸಾಮಾನು ಮಾತ್ರ ಅಲ್ಲಿಗೆ ಬರಲಿ: ಫೋಟೋ, ಹಾಡು, ಪಿಡಿಎಫ್, ಸಲ್ಲಿಸಿ ಆದ ವರದಿ, ಯೂನಿಕೋಡಿಗೆ ಬಂದ ಪತ್ರ. ಕೆಲಸ ನಡೆಯುತ್ತಿರುವುದು ಅವರವರ ಕಡೆಯೇ ಇರಲಿ. ಫಾಸ್ಟ್ ಸ್ಟಾರ್ಟಪ್ ತೆಗೆಯಬೇಕು, ಇದಕ್ಕೆ ರಿಯಾಯಿತಿ ಇಲ್ಲ. ಅಣ್ಣ ಗೊಣಗಿ ಒಪ್ಪಿದ. ಡಿ ಯಲ್ಲಿ ಇಬ್ಬರೂ ಅಳಿಸಿದ್ದು ಬೇರೆ ಬೇರೆ ಕಸದ ಬುಟ್ಟಿಗೆ ಹೋಗುತ್ತದೆ, ಅವರವರದನ್ನು ಅವರವರೇ ಖಾಲಿ ಮಾಡಬೇಕು, ಇಲ್ಲದಿದ್ದರೆ ಜಾಗ ಎಲ್ಲಿ ಹೋಯಿತೆಂದು ಮತ್ತೆ ನನಗೆ ಫೋನು ಬರುತ್ತದೆ. ಇಬ್ಬರಿಗೂ ಇನ್ನೊಂದು ಮಾತು ಹೇಳಿದೆ: ಡಿ ಯಲ್ಲಿ ಇಟ್ಟದ್ದು ಬ್ಯಾಕಪ್ ಅಲ್ಲ. ಸಿ, ಡಿ, ಲಿನಕ್ಸ್ ಮೂರೂ ಒಂದೇ ಡಿಸ್ಕಿನ ಮೇಲಿವೆ, ಅದು ಹೋದರೆ ಮೂರೂ ಹೋದವು. ಹೊರಗಿನ ಒಂದು ಡಿಸ್ಕ್ ತರಲೇಬೇಕು.

ಟ್ಯಾಲಿಯ ಡೇಟಾ ಫೋಲ್ಡರ್ ಡಿ ಗೆ ಬಂದರೆ ಲಿನಕ್ಸಿನಿಂದಲೂ ದಿನಾ ಅದರ ಪ್ರತಿ ತೆಗೆಯುವ ಸಣ್ಣ ಪ್ರೋಗ್ರಾಂ ಬರೆದುಕೊಡುತ್ತೇನೆ ಎಂದು ಮಗಳು ಆಸೆ ತೋರಿಸಿದಳು. ಮಾರ್ಚ್ 31ರ ಲೆಕ್ಕ ಮುಗಿಯುವ ತನಕ ಆ ಫೋಲ್ಡರಿಗೆ ಯಾರೂ ಕೈ ಹಚ್ಚುವಂಗಿಲ್ಲ ಅಂದ ಅಣ್ಣ. ಆ ಒಂದು ವಿಷಯದಲ್ಲಿ ನನ್ನ ಮತ ಅವನಿಗೇ.